ದ್ವೀಪದವರೂ ನಮ್ಮಪ್ಪ ಅಮ್ಮನ ಮದುವೆಯೂ

ನಮ್ಮಪ್ಪ ನಮ್ಮಮ್ಮನಿಗೆ ಸೋದರಮಾವ. ಕೋಲಾರದ ಹತ್ತಿರದ ನಮ್ಮೂರು ಕ್ಯಾಲನೂರಿನಲ್ಲಿ ಇದನ್ನು ಹೇಳಿದರೆ ಯಾರೂ ತಲೆ ಎತ್ತಿಯೂ ನೋಡುವುದಿಲ್ಲ. ಆದರೆ ಬೆಂಗಳೂರಿನ ಲ್ಯಾಬಿಗೆ ಸೇರಿದ ವಾರವೇ ಒಬ್ಬರು, "ಸಂಬಂಧದಲ್ಲೇ ಮದುವೆ ಆದವರ ಮಕ್ಕಳು ಯಾರಾದ್ರೂ ಇದ್ದೀರಾ?" ಎಂದು ನಗುತ್ತಾ ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಆ ಹೇಡಿತನ ಮೂರು ವರ್ಷ ನನ್ನನ್ನು ಚುಚ್ಚುತ್ತಲೇ ಇತ್ತು.

ಸಾವಿರಾರು ವರ್ಷ ಹಳೆಯ ಮೂಳೆಯನ್ನು ಕೊರೆದು, ಆ ಪುಡಿಯಲ್ಲಿ ಉಳಿದಿರುವ ಡಿಎನ್‌ಎ ತೆಗೆದು, ಸತ್ತವರು ಯಾರ ಪೈಕಿ ಎಂದು ಓದುವುದು ನನ್ನ ಕೆಲಸ. ಮೂರನೇ ವರ್ಷ ನಮಗೆ ಬಂದದ್ದು ದೂರದ ಸಣ್ಣ ದ್ವೀಪವೊಂದರ ಸಮಾಧಿಗಳ ಮೂಳೆಗಳು. ಓದಿ ನೋಡಿದರೆ, ಹಲವರಲ್ಲಿ ತಾಯಿಯಿಂದ ಬಂದದ್ದೂ ತಂದೆಯಿಂದ ಬಂದದ್ದೂ ಒಂದೇ ಆಗಿರುವ ಭಾಗಗಳಿದ್ದವು. ಅಂದರೆ ಅವರ ಅಪ್ಪ ಅಮ್ಮ ನೆಂಟರು. ಲ್ಯಾಬಿನ ಮುಖ್ಯಸ್ಥರಾದ ಹಿರಿಯರು ಮೈಸೂರಿನ ಕಡೆಯವರು. ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರು. "ಇದ್ದವರೇ ನಾಲ್ಕು ಜನ ಕಣಮ್ಮ. ಬೇರೆ ಗತಿಯಿಲ್ಲದೆ ಅವರವರೇ ಮದುವೆ ಆಗಿದ್ದಾರೆ." ವರದಿಯಲ್ಲೂ ಹಾಗೇ ಬರೆಯುವುದೆಂದಾಯಿತು.

ನನಗೆ ಮೈ ಉರಿಯಿತು. ಜನ ಕಡಿಮೆಯಾಗಿ ಹಾಗಾಗಿದ್ದರೆ, ಹಳೆಯ ನೆಂಟಸ್ತಿಕೆ ತಲೆಮಾರಿನಿಂದ ತಲೆಮಾರಿಗೆ ತುಂಡಾಗುತ್ತಾ ಎಲ್ಲರಲ್ಲೂ ಚಿಕ್ಕ ಚಿಕ್ಕ ಚೂರುಗಳಾಗಿ ಸಿಗಬೇಕು. ಇಲ್ಲಿ ಚೂರುಗಳು ತೀರಾ ಕಡಿಮೆ, ಇದ್ದದ್ದೆಲ್ಲ ಹತ್ತಿರದ ನೆಂಟರ ಮಕ್ಕಳಲ್ಲಿ ಸಿಗುವಂಥ ಉದ್ದುದ್ದ ತುಂಡುಗಳು. ಬೇರೆ ಜನ ಇದ್ದರೂ ಬೇಕೆಂದೇ ಹತ್ತಿರದಲ್ಲಿ ಮಾಡಿಕೊಂಡ ಮದುವೆಗಳು ಇವು. ಬರೀ ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ? ಪಕ್ಕದಲ್ಲಿಟ್ಟು ತೋರಿಸಲು ಒಂದು ಉದಾಹರಣೆ ಬೇಕಿತ್ತು. ಅದು ಲ್ಯಾಬಿನಲ್ಲೇ ಇತ್ತು. ಮೂಳೆ ಮುಟ್ಟುವವರ ಡಿಎನ್‌ಎ ಬೆರೆತರೆ ಗೊತ್ತಾಗಲೆಂದು ನಮ್ಮೆಲ್ಲರದ್ದನ್ನೂ ಮೊದಲೇ ಓದಿಟ್ಟಿರುತ್ತಾರೆ.

ವರದಿಯ ಮೀಟಿಂಗಿನ ದಿನ ನಾನು ಊರಲ್ಲಿದ್ದೆ. ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವಿಡಿಯೋದಲ್ಲೇ ಎರಡು ಡಿಎನ್‌ಎ ಚಿತ್ರ ತೋರಿಸಿದೆ, ಮೊದಲನೆಯದು ದ್ವೀಪದ ಮೂಳೆಯದು. ಉದ್ದನೆಯ ತುಂಡುಗಳು ಎರಡರಲ್ಲೂ ಎದ್ದು ಕಾಣುತ್ತಿದ್ದವು.

"ಎರಡನೇದು ಯಾವ ದ್ವೀಪದ್ದು?" ಎಂದರು ಹಿರಿಯರು.

"ಅದು ನಂದು ಸಾರ್. ನಮ್ಮಮ್ಮ ಸೋದರಮಾವನ್ನೇ ಮದುವೆ ಆಗಿರೋದು. ನಮ್ಮೂರು ದ್ವೀಪ ಅಲ್ಲ. ಇಲ್ಲಿಂದ ಕೋಲಾರಕ್ಕೆ ಬೇಕಾದಷ್ಟು ಬಸ್ಸಿವೆ."

ಯಾರೋ ಕಿಸಕ್ಕನೆ ನಕ್ಕರು. ಹಿರಿಯರು ನಗಲಿಲ್ಲ. ಎರಡೂ ಚಿತ್ರಗಳನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದರು. "ನಾನು ಹೇಳಿದ್ದು ತಪ್ಪು. ಗತಿಯಿಲ್ಲದೆ ಅನ್ನೋ ಮಾತು ತೆಗೆದುಹಾಕಿ. ಆ ಭಾಗ ನೀನೇ ಬರೀಬೇಕಮ್ಮ" ಎಂದರು. ಎದ್ದು ಕುಣಿಯಬೇಕೆನಿಸಿತು. ದ್ವೀಪದವರ ಮಾನವೂ ಉಳಿಯಿತು, ನಮ್ಮ ಮನೆಯದೂ ಉಳಿಯಿತು.

ತಿರುಗಿದರೆ ಅಮ್ಮ ನಿಂತಿದ್ದಳು. ಡೈರಿಗೆ ಹಾಲು ಹಾಕಿ ಬಂದ ಕ್ಯಾನು ಇನ್ನೂ ಕೈಯಲ್ಲೇ ಇತ್ತು.

"ಏನೇ, ನಮ್ ಮದ್ವೆ ವಿಷ್ಯ ಎಲ್ರಿಗೂ ಸಾರ್ತಿದ್ದೀಯಾ?"

ದ್ವೀಪದವರ ಕಥೆ ಹೇಳಿದೆ. "ಜಮೀನು ಒಡೀಬಾರ್ದು ಅಂತ ಮಾಡ್ಕೊಂಡಿರ್ತಾರೆ. ಅದ್ಕೆ ಇಷ್ಟೊಂದು ಓದ್ಬೇಕಾ?" ಎಂದು ಒಳಗೆ ಹೊರಟವಳು ಹೊಸ್ತಿಲಲ್ಲಿ ನಿಂತಳು. "ನಮ್ದೂ ಜಮೀನಿಗೇ ಅಂತ ಎಲ್ರೂ ಅಂದ್ಕೊಂಡವ್ರೆ. ನಿಮ್ಮಪ್ಪನ್ನ ಬಿಟ್ರೆ ಬೇರೆ ಯಾರೂ ಬೇಡ ಅಂತ ನಾನೇ ಹಟ ಹಿಡ್ದಿದ್ದು. ಅದು ನಿಮ್ ಡಿಎನ್‌ಎನಲ್ಲಿ ಕಾಣುತ್ತಾ?"

"ಕಾಣಲ್ಲಮ್ಮ."

"ಹಂಗಾದ್ರೆ ಬಾಯಲ್ಲೇ ಹೇಳ್ಬೇಕು. ನಿಮ್ ಸಾರ್ ಇನ್ನೂ ಆ ಲ್ಯಾಪ್‌ಟಾಪಲ್ಲೇ ಅವ್ರೆ, ನೋಡು."

ಲ್ಯಾಪ್‌ಟಾಪನ್ನು ಅವಳ ಕಡೆಗೆ ತಿರುಗಿಸಿದೆ. ಅಮ್ಮ ಕ್ಯಾನು ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಹಟ ಹಿಡಿದ ಕಥೆಯನ್ನು ಹಿರಿಯರಿಗೆ ತಾನೇ ಹೇಳಿದಳು.