ಬಾರದ ಸಿಪ್ಪೆ ಕೆರೆದವಳು

ಗೇರುಬೀಜದ ಸಿಪ್ಪೆ ತೆಗೆಯುವುದರಲ್ಲಿ ನನಗೆ ಹದಿನಾಲ್ಕು ವರ್ಷದ ಅನುಭವ. ಕುಂದಾಪುರದ ಹತ್ತಿರದ ಕಾರ್ಖಾನೆಯಲ್ಲಿ ನಾವು ಹನ್ನೆರಡು ಹೆಂಗಸರು ಒಂದು ಉದ್ದ ಮೇಜಿನ ಎರಡು ಬದಿ ಕೂತು, ತಿರುಳಿನ ಮೈಗೆ ಹತ್ತಿಕೊಂಡ ಕೆಂಪು ಸಿಪ್ಪೆಯನ್ನು ಬಿಡಿಸುತ್ತೇವೆ. ತಿರುಳು ನಮ್ಮ ಕೈಗೆ ಬರುವ ಮೊದಲು ಬೋರ್ಮಾ ಎನ್ನುವ ಬಿಸಿ ಗೂಡಿನಲ್ಲಿ ಒಣಗಿರುತ್ತದೆ. ಚೆನ್ನಾಗಿ ಒಣಗಿದ್ದರೆ ಹೆಬ್ಬೆರಳಿನಲ್ಲಿ ಸ್ವಲ್ಪ ತಿರುಚಿದರೆ ಸಾಕು, ಸಿಪ್ಪೆ ಉದುರುತ್ತದೆ. ಒಣಗದೆ ಅಂಟಿಕೊಂಡದ್ದನ್ನು ಮಾತ್ರ ಕೆರೆಯಬಾರದು. ಪಕ್ಕಕ್ಕಿಡಬೇಕು, ಅದು ಮತ್ತೆ ಬೋರ್ಮಾಕ್ಕೆ ಹೋಗಬೇಕು. ಕೆರೆದರೆ ತಿರುಳಿಗೆ ಗೀರು ಬೀಳುತ್ತದೆ, ಗೀರು ಬಿದ್ದದ್ದು ಎರಡನೇ ದರ್ಜೆಗೆ ಹೋಗುತ್ತದೆ. ಹೊಸಬರಿಗೆ ಮೊದಲ ದಿನ ಕಲಿಸುವ ಪಾಠ ಇದು. ಎಷ್ಟೋ ಹುಡುಗಿಯರಿಗೆ ನಾನೇ ಕಣ್ಣು ಬಿಟ್ಟು, ಗದರಿ ಕಲಿಸಿದ್ದೇನೆ. ಅಂಥ ನಾನು ನನ್ನ ಮದುವೆ ನಿಶ್ಚಯವಾದ ವರ್ಷ ಮಾಡಿಕೊಂಡ ಕೆಲಸವನ್ನು ಹೇಳಬೇಕು.

ಆಗ ನನಗೆ ಮೂವತ್ತನಾಲ್ಕು. ಗುಲ್ವಾಡಿಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ನಿಂತು ಮೂರ್ನಾಲ್ಕು ವರ್ಷವಾಗಿತ್ತು. ಅಮ್ಮ ಸಿಟ್ಟು ಬಂದಾಗ ಮಾತ್ರ ಎತ್ತುತ್ತಿದ್ದಳು, ನಾನು ಅದಕ್ಕಿಂತ ಹೆಚ್ಚು ಸಿಟ್ಟು ಮಾಡಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಅಂಥದರಲ್ಲಿ ಬೈಂದೂರಿನಿಂದ ಒಂದು ಸಂಬಂಧ ಬಂತು. ಹುಡುಗನಿಗೆ ಮೂವತ್ತೆಂಟು, ಮುಂಬೈಯ ಹೋಟೆಲೊಂದರಲ್ಲಿ ದೋಸೆ ಹುಯ್ಯುವ ಕೆಲಸ. ರಜೆ ಸಿಗದ್ದರಿಂದ ಅವರ ತಾಯಿಯೊಬ್ಬರೇ ಬಂದರು. ಮೀನು ಮಾರಿ ಮಗನನ್ನು ಬೆಳೆಸಿದ ಹೆಂಗಸು. ಬಂಗುಡೆಯ ಕಿವಿರು ಎತ್ತಿ ನೋಡುವ ಗತ್ತಿನಲ್ಲಿ ನನ್ನನ್ನು ಎರಡು ನಿಮಿಷ ನೋಡಿ, "ಹುಡ್ಗಿ ಅಡ್ಡಿಲ್ಲೆ" ಎಂದರು. ಹುಡುಗ ಫೋನಿನಲ್ಲಿ ನೋಡಿ ಒಪ್ಪಿದರು. ನಾನೂ ಫೋನಿನಲ್ಲೇ ಒಪ್ಪಿದೆ. ದೀಪಾವಳಿ ಕಳೆದ ಮೇಲೆ ಮದುವೆ ಎಂದಾಯಿತು.

ಆಮೇಲೆ ದಿನಾ ಸಂಜೆ ಐದೂವರೆಗೆ ವಿಡಿಯೋ ಕಾಲ್. ನಾನು ಕೆಲಸ ಮುಗಿಸಿ ಮನೆಗೆ ಬರುವುದಕ್ಕೂ ಅವರ ಹೋಟೆಲಿನಲ್ಲಿ ಸಂಜೆಯ ಗಲಾಟೆ ಶುರುವಾಗುವುದಕ್ಕೂ ನಡುವೆ ಸಿಗುವ ಹೊತ್ತು ಅದೊಂದೇ. ಅವರು ಗಿರಾಕಿಗಳ ಕತೆ ಹೇಳುತ್ತಿದ್ದರು: ದೋಸೆ ಗರಿಗರಿಯಾಗಿಯೂ ಇರಬೇಕು, ಮೆತ್ತಗೂ ಇರಬೇಕು ಎನ್ನುವವರು, ಚಟ್ನಿಯನ್ನು ನಾಲ್ಕು ಸಲ ಹಾಕಿಸಿಕೊಂಡು ಐದನೇ ಸಲ ಖಾರ ಜಾಸ್ತಿ ಎನ್ನುವವರು. ನಾನು ನಮ್ಮ ಮೇಜಿನ ಸುದ್ದಿ ಹೇಳುತ್ತಿದ್ದೆ, ಯಾರ ಅತ್ತೆ ಯಾರಿಗೆ ಏನೆಂದರು ಎಂಬಲ್ಲಿಂದ ಹಿಡಿದು. ನಾನು ಮಾತಿಗೆ ನಿಂತರೆ ನಿಲ್ಲಿಸುವುದು ಕಷ್ಟ. ಅವರು ನಿಲ್ಲಿಸಲೂ ಇಲ್ಲ. ಮೂವತ್ತನಾಲ್ಕರ ಹೆಂಗಸು ಒಬ್ಬರ ಫೋನಿಗಾಗಿ ಗಡಿಯಾರ ನೋಡುವುದು ನಾಚಿಕೆಗೇಡು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನೋಡುತ್ತಿದ್ದೆ. ಅಷ್ಟು ಸಂತೋಷ ನನಗೆ ಅದಕ್ಕೂ ಮೊದಲು ಯಾವತ್ತೂ ಆಗಿರಲಿಲ್ಲ.

ಒಂದು ದಿನ ಮಾತಾಡುತ್ತ ಅವರು, "ಊರಿಗೆ ಬಂದ್ ಮರ್ದಿನ್ವೇ ತ್ರಾಸಿ ಕಡ್ಲ್ ಬದಿಗ್ ಹೋಪ, ಆತಾ?" ಎಂದು ಕೇಳಿದರು. ಆಯ್ತು ಎಂದು ಫೋನಿಟ್ಟು ಮುಖ ತೊಳೆಯಲು ಹೋದೆ. ಬಚ್ಚಲಿನ ಕನ್ನಡಿಯಲ್ಲಿ ನೋಡಿದರೆ ಎರಡೂ ಕೆನ್ನೆಯ ಮೇಲೆ ಕಂದು ಬಣ್ಣದ ಬಂಗು. ಅದು ಹೊಸದೇನಲ್ಲ, ಐದಾರು ವರ್ಷದಿಂದ ಇತ್ತು. ಆದರೆ ಈಗಷ್ಟೇ ಫೋನಿನ ಮೂಲೆಯಲ್ಲಿ ಕಂಡ ನನ್ನ ಮುಖದಲ್ಲಿ ಅದು ಇರಲಿಲ್ಲ. ಫೋನು ಹೊಸದು. ಅದರ ಕ್ಯಾಮೆರಾ ಯಾರೂ ಹೇಳದೆಯೇ ಮುಖವನ್ನು ನುಣ್ಣಗೆ ಮಾಡಿ ತೋರಿಸುತ್ತದೆ ಎಂದು ಆಗ ತಿಳಿಯಿತು. ಮೂರು ತಿಂಗಳಿಂದ ಅವರು ನೋಡುತ್ತಿದ್ದ ಮುಖ ನನ್ನದಲ್ಲ. ತ್ರಾಸಿಯ ಬಿಸಿಲಿನಲ್ಲಿ, ಮರಳಿನ ಮೇಲೆ ನಿಂತಾಗ ಏನೂ ಮುಚ್ಚಿಡಲಾಗುವುದಿಲ್ಲ. ಫೋನಿನಲ್ಲಿ ತೋರಿಸಿದ್ದೊಂದು, ಕೊಟ್ಟಿದ್ದೊಂದು ಎಂದು ಅವರಿಗನಿಸಿದರೆ?

ಹೇಳಿಬಿಡಬಹುದಿತ್ತು. ಅಷ್ಟು ಸುಲಭದ ದಾರಿ ನನ್ನಂಥವಳಿಗೆ ಹೊಳೆಯುವುದಿಲ್ಲ. ಫೋನಿನ ಮುಖವನ್ನೇ ಮೈಮೇಲೆ ತರಿಸುತ್ತೇನೆ ಎಂದು ಹಟ ಹಿಡಿದೆ. ಕುಂದಾಪುರದ ಫ್ಯಾನ್ಸಿ ಅಂಗಡಿಯಿಂದ ಒಂದು ಸ್ಕ್ರಬ್ ತಂದೆ, ಮರಳಿನಂಥ ಕಾಳು ಇರುವುದು. ಜೊತೆಗೆ ಒಂದು ಪೀಲಿಂಗ್ ಜೆಲ್. ಕಾರ್ಖಾನೆಯಲ್ಲಿ ನಮ್ಮ ವಿಭಾಗಕ್ಕೂ ಪೀಲಿಂಗ್ ಎಂದೇ ಹೆಸರು. ಗೊತ್ತಿದ್ದ ಕೆಲಸವೇ ತಾನೇ ಎಂಬ ಧೈರ್ಯ ಬೇರೆ. ವಾರಕ್ಕೊಮ್ಮೆ ಎಂದು ಟ್ಯೂಬಿನ ಮೇಲೆ ಬರೆದಿತ್ತು. ಮದುವೆಗೆ ಉಳಿದಿದ್ದದ್ದು ಎರಡೂವರೆ ತಿಂಗಳು, ವಾರಕ್ಕೊಮ್ಮೆ ಮಾಡಿದರೆ ಯಾವ ಕಾಲಕ್ಕೆ ಮುಗಿಯುತ್ತದೆ? ಬೆಳಿಗ್ಗೆ ಸ್ಕ್ರಬ್, ಸಂಜೆ ಜೆಲ್, ಭಾನುವಾರ ಸಕ್ಕರೆಗೆ ಲಿಂಬೆಹುಳಿ ಹಿಂಡಿ ಮೇಲೊಂದು ತಿಕ್ಕು, ಕೊನೆಗೆ ಒರಟು ಟವೆಲಿನಲ್ಲಿ ಒರೆಸುವುದು. ಮೊದಲ ವಾರ ಮುಖ ಫಳಫಳ ಹೊಳೆಯಿತು. ಮೇಜಿನವರು "ಹ್ವಾಯ್, ಮದಿ ಕಳೆ ಬಂತ್ ಕಾಣಿ" ಎಂದು ಮದುವೆಯ ಕೀಟಲೆ ಮಾಡಿದರು. ಅಷ್ಟು ಸಾಕಾಯಿತು ನನಗೆ. ತಿಕ್ಕುವುದನ್ನು ಇನ್ನೂ ಜೋರು ಮಾಡಿದೆ.

ಮೂರನೇ ವಾರದ ಒಂದು ಬೆಳಿಗ್ಗೆ ಮುಖಕ್ಕೆ ತಣ್ಣೀರು ಎರಚಿದರೆ ಮೆಣಸಿನ ನೀರು ಎರಚಿದ ಹಾಗೆ ಉರಿಯಿತು. ಕೆನ್ನೆ ಕೆಂಪಾಗಿ ಬಿಗಿದುಕೊಂಡಿತ್ತು, ಮೂಗಿನ ಪಕ್ಕ ಚರ್ಮ ಸುಲಿದು ಎದ್ದಿತ್ತು. ಬೆವರು ಇಳಿದರೆ ಉರಿ, ಮೀನುಸಾರಿನ ಆವಿ ತಾಗಿದರೆ ಉರಿ, ಅಳು ಬಂದರೂ ಉರಿ. ಬಂಗು ಹೋಯಿತೇ? ಅದು ಇನ್ನೂ ಕಪ್ಪಾಗಿ ತನ್ನ ಜಾಗದಲ್ಲಿ ಕೂತಿತ್ತು. ಗಣಪತಿ ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿದ್ದೆ. ಇಂಥ ಕೆಂಪನ್ನು ಮುಚ್ಚುವುದು ಫೋನಿನ ಕೈಯಲ್ಲೂ ಆಗಲಿಲ್ಲ. ಆ ಸಂಜೆ ಅವರಿಗೆ, "ನೆಟ್ವರ್ಕ್ ಇಲ್ಲೆ, ಬರೀ ಮಾತಾಡುವ" ಎಂದೆ. ಮರುದಿನವೂ ಅದನ್ನೇ ಅಂದೆ. ಅದರ ಮರುದಿನವೂ.

ಕಾರ್ಖಾನೆಯಲ್ಲಿ ಸೆರಗು ಮುಚ್ಚಿಕೊಂಡು ಕೂತೆ. ಆದರೆ ನಮ್ಮ ಮೇಜಿನ ಹಿರಿಯಕ್ಕನಿಂದ ಏನನ್ನೂ ಮುಚ್ಚಿಡುವುದು ಸಾಧ್ಯವಿಲ್ಲ. ಮೂವತ್ತು ವರ್ಷದಿಂದ ಸಿಪ್ಪೆ ತೆಗೆಯುವ ಹೆಂಗಸು, ನನಗೆ ಈ ಕೆಲಸ ಕಲಿಸಿದವಳು. ಸೆರಗು ಸರಿಸಿ ನೋಡಿದಳು. ನಗಲಿಲ್ಲ, ಬೈಯಲೂ ಇಲ್ಲ. ಮೇಜಿನಿಂದ ಸಿಪ್ಪೆ ಅಂಟಿದ ಒಂದು ತಿರುಳನ್ನು ಎತ್ತಿ ನನ್ನ ಮುಂದೆ ಇಟ್ಟಳು.

"ಇದನ್ನ ಎಂತ ಮಾಡ್ಕ್?" ಎಂದು ಕೇಳಿದಳು.

"ಬೋರ್ಮಾಕ್ ಹಾಕ್ಕ್" ಎಂದೆ.

"ಕೆರ್ದ್ರೆ?"

ನಾನು ಸೆರಗನ್ನು ಮತ್ತೆ ಕೆನ್ನೆಗೆ ಎಳೆದುಕೊಂಡೆ.

"ಬೀಜದ್ದ್ ಗೊತ್ತಿಪ್ಪವ್ಳಿಗ್ ಮೋರೆದ್ದ್ ಗೊತ್ತಿಲ್ಯಾ ಹೆಣೆ?" ಎಂದು ಹೇಳಿ ಅವಳು ತನ್ನ ಕೆಲಸಕ್ಕೆ ತಿರುಗಿದಳು. ಆಗ ಮಾತ್ರ ಮೇಜಿನ ಆ ತುದಿಯಿಂದ ಈ ತುದಿಯವರೆಗೆ ನಗು ಹಬ್ಬಿತು. ನನಗೂ ನಗು ಬಂತು. ನಕ್ಕರೆ ಕೆನ್ನೆ ಬಿರಿಯುತ್ತಿತ್ತು.

ಚರ್ಮದ ಡಾಕ್ಟರಿಗೆ ತೋರಿಸಲು ಬ್ರಹ್ಮಾವರಕ್ಕೆ ಹೋದೆ. ಕುಂದಾಪುರದಲ್ಲಿ ಡಾಕ್ಟರಿಲ್ಲವೆಂದಲ್ಲ. ಅಲ್ಲಿ ಹೋದರೆ ಗುರುತಿನವರು ಸಿಗುತ್ತಾರೆ, ಸಂಜೆಯೊಳಗೆ ಸುದ್ದಿ ಬೈಂದೂರು ಮುಟ್ಟುತ್ತದೆ ಎಂಬ ನನ್ನ ಜಾಣತನ. ಡಾಕ್ಟರಮ್ಮ ಮುಖವನ್ನು ದೀಪದ ಕೆಳಗೆ ಹಿಡಿದು ನೋಡಿ, ದಿನಕ್ಕೆ ಎಷ್ಟು ಸಲ ತಿಕ್ಕುತ್ತೀರಿ ಎಂದು ಕೇಳಿದರು. ಹೇಳಿದೆ. ಏನು ಕೆಲಸ ಎಂದು ಕೇಳಿದರು. ಅದನ್ನೂ ಹೇಳಿದೆ. "ಸರಿ ಹೋಯಿತು" ಎಂದು ಅವರು ಪೆನ್ನು ಕೆಳಗಿಟ್ಟು ನಕ್ಕುಬಿಟ್ಟರು. ಚರ್ಮದ ಮೇಲಿನ ಪದರ ಮೈಯನ್ನು ಕಾಯಲಿಕ್ಕೆ ಇರುವುದು, ಅದನ್ನೇ ನೀವು ತೆಗೆದು ಹಾಕಿದ್ದೀರಿ, ಅದು ತಾನಾಗಿ ಬೆಳೆಯುತ್ತದೆ, ಬೆಳೆಯಲು ಬಿಡಿ ಎಂದರು. ಸ್ಕ್ರಬ್ಬು, ಜೆಲ್ಲು, ಲಿಂಬೆ ಎಲ್ಲ ಬಂದ್. ಉರಿಸದ ಫೇಸ್‌ವಾಶ್, ವಾಸನೆಯಿಲ್ಲದ ಒಂದು ಕ್ರೀಮು, ಉರಿ ಇಳಿದ ಮೇಲೆ ಬಿಸಿಲಿಗೆ ಹಚ್ಚುವ ಇನ್ನೊಂದು ಕ್ರೀಮು, ಅಲ್ಲಿಯವರೆಗೆ ಕೊಡೆ. ಕೆಂಪು ಎರಡು ವಾರದಲ್ಲಿ ಇಳಿಯಲು ಶುರುವಾಗುತ್ತದೆ, ಪೂರ್ತಿ ಸರಿಯಾಗಲು ಒಂದೆರಡು ತಿಂಗಳು ಬೇಕು. "ಬಂಗಿನ ವಿಚಾರ ಆಮೇಲೆ. ಈಗ ನೀವು ಮಾಡಬೇಕಾದ ದೊಡ್ಡ ಕೆಲಸ ಅಂದರೆ ಕೈಯನ್ನು ಮುಖದಿಂದ ದೂರ ಇಡುವುದು" ಎಂದರು. ಜೀವನದಲ್ಲಿ ನನಗೆ ಯಾರೂ ಅಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

ಚೀಟಿ ಹಿಡಿದು ಹೊರಗೆ ಬಂದರೆ ಬೆಂಚಿನ ಮೇಲೆ ನನ್ನ ಆಗಲಿರುವ ಅತ್ತೆ ಕೂತಿದ್ದಾರೆ. ಅವರು ತಮ್ಮ ಮಗಳನ್ನು ಬ್ರಹ್ಮಾವರಕ್ಕೇ ಮದುವೆ ಮಾಡಿ ಕೊಟ್ಟದ್ದು ನನ್ನ ಜಾಣತನದ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಮಗಳ ಮನೆಗೆ ಬಂದವರು ಕೈಯ ತುರಿಕೆ ತೋರಿಸಲು ಬಂದಿದ್ದರು. ಓಡಿಹೋಗೋಣವೆಂದರೆ ಬಾಗಿಲು ಅವರ ಪಕ್ಕದಲ್ಲೇ ಇತ್ತು. ನಾನು ಅಲ್ಲೇ ಅವರ ಹತ್ತಿರ ಕೂತು, ಫೋನಿನಿಂದ ಹಿಡಿದು ಲಿಂಬೆಯವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಕೈ ತುರಿಸಿಕೊಳ್ಳುತ್ತ ಕೇಳಿದರು.

"ನಾನ್ ಬಂದ್ ಕಂಡಾಗ್ಳೂ ನಿಂಗೆ ಬಂಗ್ ಇತ್ತ್. ನಂಗೇನ್ ಕಣ್ ಕಾಣ್ತಿಲ್ಯಾ?" ಎಂದರು ಕೊನೆಗೆ. ಆಮೇಲೆ ದನಿ ಇಳಿಸಿ, "ಮಗ ನಿನ್ನೆ ಫೋನ್ ಮಾಡಿದ್ದ. ಅಮ್ಮ, ಅವ್ಳಿಗ್ ನಾನ್ ಬ್ಯಾಡ ಅಂದೇಳಿ ಆಯ್ತೋ ಏನೋ, ಮೋರೆ ತೋರ್ಸುದೇ ಇಲ್ಲೆ ಅಂದ" ಎಂದರು.

ಅದು ನನ್ನ ತಲೆಗೇ ಹೋಗಿರಲಿಲ್ಲ. ಅವರು ನನ್ನನ್ನು ಬೇಡವೆಂದಾರು ಎಂದು ನಾನು ಇಲ್ಲಿ ಒದ್ದಾಡುತ್ತಿದ್ದರೆ, ಅಲ್ಲಿ ಕಾವಲಿಯ ಮುಂದೆ ನಿಂತು ಆ ಮನುಷ್ಯ ಅದೇ ಒದ್ದಾಟ ಮಾಡುತ್ತಿದ್ದರು.

"ನೀವೇ ಹೇಳ್ತ್ರಾ ಅತ್ತೆ?" ಎಂದು ಕೇಳಿದೆ.

"ನಾನ್ ಹೇಳ್ತಿಲ್ಲೆ. ನೀನೇ ಹೇಳ್ಕ್. ಹದ್ನೈದ್ ದಿನ ಬಿಡ್ತೆ, ಮತ್ತೆ ಅವ ಮದಿಗ್ ರಜೆ ಕೇಳುಕಿತ್ತ್" ಎಂದರು. ಅಷ್ಟರಲ್ಲಿ ಅವರ ಸರದಿ ಬಂತು. ಒಳಗೆ ಹೋಗುವಾಗ ತಿರುಗಿ, "ಕೆನ್ನಿ ಮುಟ್ಬ್ಯಾಡ" ಎಂದರು. ನನ್ನ ಕೈ ಆಗಲೇ ಅಲ್ಲಿಗೆ ಹೋಗಿತ್ತು.

ಆ ಹದಿನೈದು ದಿನ ನನ್ನನ್ನು ಕಾದದ್ದು ನಮ್ಮ ಮೇಜು. ನನ್ನ ಕೈ ಕೆನ್ನೆಯ ಕಡೆ ಏಳುವುದನ್ನು ಯಾರು ಮೊದಲು ಕಂಡರೂ ಮೇಜಿಗೆ ಟಕಟಕ ಬಡಿಯಬೇಕೆಂದು ಹಿರಿಯಕ್ಕ ಅಪ್ಪಣೆ ಕೊಟ್ಟಳು. ಮೊದಲ ದಿನ ಇಡೀ ಹೊತ್ತು ಬಡಿತವೇ ಬಡಿತ. ಮೇಸ್ತ್ರಿ ಬಂದು ಇದೇನು ಭಜನೆಯೋ ಎಂದು ಕೇಳಿ ಹೋದರು. ಕೊಡೆ ಹಿಡಿದು ಮೀನು ತರಲು ಹೋದರೆ, "ಮಳೆ ಎಲ್ ಬತ್ತಿತ್ತ್?" ಎಂದು ಮಾರುವವಳು ಆಕಾಶ ನೋಡಿದಳು. ಅಮ್ಮ ಮೆಣಸು ಹುರಿಯುವ ದಿನ ನನ್ನನ್ನು ಅಂಗಳಕ್ಕೆ ಅಟ್ಟುತ್ತಿದ್ದಳು. ಹುಚ್ಚು ಬಿಡದೆ ಮದುವೆಯಾಗುವುದಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ ಎಂಬ ಗಾದೆಯನ್ನು ಅವಳು ಆ ದಿನಗಳಲ್ಲಿ ಹೇಳಿದಷ್ಟು ಸಲ ಯಾರೂ ಹೇಳಿರಲಿಕ್ಕಿಲ್ಲ. ಎಂಟನೇ ದಿನ ನೀರು ತಾಗಿದರೆ ಉರಿಯಲಿಲ್ಲ. ಬಚ್ಚಲಿನಿಂದಲೇ ಕೂಗಿ ಅಮ್ಮನಿಗೆ ಹೇಳಿದೆ. ಬರೀ ನೀರು ಮುಖಕ್ಕೆ ಇಷ್ಟು ಹಿತ ಎಂದು ನನಗೆ ಗೊತ್ತಾದದ್ದು ಅವತ್ತು. ಬೇಕಿಲ್ಲದಿದ್ದರೂ ಇನ್ನೊಂದು ಚೊಂಬು ಹೊಯ್ದುಕೊಂಡೆ.

ಸಂಜೆಯ ಫೋನು ಮಾತ್ರ ದಿನದಿಂದ ದಿನಕ್ಕೆ ಚಿಕ್ಕದಾಗುತ್ತಿತ್ತು. ಅವರು ಗಿರಾಕಿಗಳ ಕತೆ ಹೇಳುವುದನ್ನು ನಿಲ್ಲಿಸಿದ್ದರು. ಊಟ ಆಯಿತಾ, ಆಯಿತು, ಅಷ್ಟೇ.

ಹದಿನೈದನೇ ದಿನ ಭಾನುವಾರ. ಮೂಗಿನ ಪಕ್ಕ ಇನ್ನೂ ಹೊಟ್ಟು ಏಳುತ್ತಿತ್ತು, ಕೆನ್ನೆ ತೆಳು ಕೆಂಪು, ಅದರ ಮೇಲೆ ಬಂಗು. ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ, ನೆರಳಲ್ಲಿ, ಒಳ್ಳೆಯ ಬೆಳಕಿಗೆ ಮುಖ ಕೊಟ್ಟು ಕೂತೆ. ಫೋನಿನಲ್ಲಿ ಹುಡುಕಿ ಆ ನುಣುಪು ಮಾಡುವ ಗುಂಡಿಯನ್ನು ಬಂದ್ ಮಾಡಿದೆ. ಆಮೇಲೆ ವಿಡಿಯೋ ಹಾಕಿದೆ.

ಅವರು ಎತ್ತಿದರು. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಫೋನನ್ನು ಹತ್ತಿರ ಹಿಡಿದು ನೋಡಿದರು. ಹಿಂದೆ ಯಾರೋ ತಟ್ಟೆ ಜೋಡಿಸುವ ಸದ್ದು ಕೇಳುತ್ತಿತ್ತು.

"ಮೋರೆಗ್ ಎಂತ ಆಯ್ತ್?" ಎಂದರು.

"ಉಜ್ಜಿದೆ. ಬಂಗ್ ಹೋಯ್ಲಿ ಅಂದೇಳಿ. ಇಷ್ಟ್ ದಿನ ನೀವ್ ಕಂಡದ್ದ್ ನನ್ ಮೋರೆ ಅಲ್ಲ, ಫೋನೇ ಚೆಂದ ಮಾಡಿ ತೋರ್ಸ್ತಿತ್ತ್. ಇದೇ ನಂದ್" ಎಂದು ಒಂದೇ ಉಸಿರಿಗೆ ಹೇಳಿದೆ.

ಅವರ ಹುಬ್ಬು ಸಡಿಲವಾಯಿತು. "ಹೌದಾ? ನಾನ್ ನಿಮ್ ಬದಿ ನೆಟ್ವರ್ಕೇ ಸಮ ಇಲ್ಲೆ ಅಂದ್ಕಂಡಿದ್ದೆ. ಯಾವತ್ ಕಂಡ್ರೂ ನಿನ್ ಮೋರೆ ಮಂಜ್ ಮಂಜ್ ಕಾಂತಿತ್ತ್. ಇವತ್ತ್ ಸಮ ಕಂಡ್ತ್" ಎಂದರು.

ಎರಡೂವರೆ ತಿಂಗಳಿಗೆಂದು ತಂದ ಸ್ಕ್ರಬ್ಬು, ಜೆಲ್ಲು, ಸುಲಿದ ಚರ್ಮ, ಬ್ರಹ್ಮಾವರದ ಬಸ್ಸು, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ಸಿಟ್ಟೇ ಬಂತು. "ಮೋರೆ ಸಮ ಕಾಣ್ದೇ ಮದಿಗ್ ಒಪ್ಪಿದ್ದಾ ನೀವ್?" ಎಂದು ಕೇಳಿದೆ.

"ಮಾತ್ ಸಮ ಕೇಳ್ತಿತ್ತಲೆ" ಎಂದರು.

ನನ್ನ ಕಣ್ಣು ತುಂಬಿ ಹರಿಯಿತು. ಕೆನ್ನೆ ಒರೆಸಿಕೊಳ್ಳಲು ಕೈ ಎತ್ತಿದೆ.

"ಉಜ್ಬ್ಯಾಡ" ಎಂದರು ಅವರು, ಮುಂಬೈಯಿಂದ.

ಕೈ ಕೆಳಗಿಟ್ಟೆ. ಉರಿಯಲಿಲ್ಲ. ಕಣ್ಣೀರು ಅದರ ಪಾಡಿಗೆ ಗಾಳಿಗೆ ಆರುವವರೆಗೆ ಇಬ್ಬರೂ ಹಾಗೆಯೇ ನೋಡುತ್ತ ಕೂತೆವು. ಆಮೇಲೆ ಅವರು, ಆ ಬೆಳಿಗ್ಗೆ ಒಬ್ಬ ಗಿರಾಕಿ ಮಸಾಲೆ ದೋಸೆಯನ್ನು ಮಸಾಲೆಯಿಲ್ಲದೆ ಕೊಡಿ ಎಂದ ಕತೆ ಹೇಳಿದರು.