ನೈಟಿಯ ಮೇಲೊಂದು ಸೀರೆ

ನೈಟಿ ಎಂಬುದು ರಾತ್ರಿ ಮಾತ್ರ ಹಾಕಿಕೊಳ್ಳುವ ಉಡುಪು ಎಂಬ ಸಂಗತಿ ನನಗೆ ಗೊತ್ತಾದದ್ದು ಅರವತ್ತು ತುಂಬಿದ ಮೇಲೆ, ಕಾಪುವಿನ ರೆಸಾರ್ಟೊಂದರ ಗಾಜಿನ ಬಾಗಿಲ ಮುಂದೆ. ಕೆಲಸದ ವರ್ಷಗಳನ್ನೆಲ್ಲ ಮಣಿಪಾಲದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ, ಶಬ್ದಕೋಶಗಳ ಮಗ್ಗುಲಲ್ಲೇ ಕಳೆದವಳು ನಾನು. ಆದರೂ ಆ ಶಬ್ದದ ಹೊಟ್ಟೆಯಲ್ಲಿ ‘ನೈಟ್’ ಕೂತಿರುವುದು ಒಮ್ಮೆಯೂ ಕಣ್ಣಿಗೆ ಬಿದ್ದಿರಲಿಲ್ಲ. ಬೀಳುವುದಾದರೂ ಹೇಗೆ? ನಮ್ಮ ಕಡೆ ಬೆಳಿಗ್ಗೆ ಹಾಲು ತರಲು ನೈಟಿ, ಮೀನಿನವಳು ಕೂಗಿದರೆ ಗೇಟಿಗೆ ಓಡಲು ನೈಟಿ, ನೆಂಟರು ಬಂದರೆ ಚಾ ಕೊಡಲಿಕ್ಕೂ ನೈಟಿ. ಹೆಗಲ ಮೇಲೆ ಒಂದು ಬೈರಾಸು, ಅಂದರೆ ಟವೆಲು, ಎಳೆದುಕೊಂಡರಾಯಿತು. ಅದೇ ನೈಟಿ ಗೌರವಾನ್ವಿತವಾಗಿ ರೇಷನ್ ಅಂಗಡಿಯವರೆಗೂ ಹೋಗಿ ಬರುತ್ತದೆ. ಒಳ್ಳೆಯ ನೈಟಿ ಹಗಲಿಗೆ, ಬಣ್ಣ ಮಾಸಿದ್ದು ರಾತ್ರಿಗೆ. ನಮಗೆ ತಿಳಿದಿದ್ದ ನಿಯಮ ಇಷ್ಟೇ.

ಆ ಗಾಜಿನ ಬಾಗಿಲವರೆಗೆ ನಾನು ಹೋದದ್ದು ನಿವೃತ್ತಿಯ ದೆಸೆಯಿಂದ. ಬೀಳ್ಕೊಡುಗೆಯ ದಿನ ಸಹೋದ್ಯೋಗಿಗಳು ಹಾರ, ಹಣ್ಣಿನ ಬುಟ್ಟಿಗಳ ಜೊತೆ ಒಂದು ಲಕೋಟೆ ಕೊಟ್ಟರು. ಕಾಪುವಿನ ಆ ರೆಸಾರ್ಟಿನಲ್ಲಿ ಮೂವರಿಗೆ ಊಟ. ಮೂವರು ಎಂದರೆ ನಾನು, ನನ್ನ ಯಜಮಾನರು ಮತ್ತು ನನ್ನ ಚಿಕ್ಕಮ್ಮ. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅವಳ ತಂಗಿ, ಈ ಚಿಕ್ಕಮ್ಮ, ಎಲ್ಲೂರಿನ ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ನನ್ನನ್ನು ಓದಿಸಿದಳು. ಮದುವೆಯಾಗಲಿಲ್ಲ. ಅದಕ್ಕೆ ಕಾರಣ ನಾನೋ ಎಂದು ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ. ಊರಿನ ಊಟಗಳಲ್ಲಿ ಅವಳು ಯಾವಾಗಲೂ ಬಡಿಸುವವರ ಸಾಲಿನಲ್ಲಿದ್ದು, ಕೊನೆಯ ಪಂಕ್ತಿಯಲ್ಲಿ ಸಾರು ತಣ್ಣಗಾದ ಮೇಲೆ ಉಣ್ಣುವವಳು. ಅವಳನ್ನು ಒಮ್ಮೆ ಮೊದಲ ಪಂಕ್ತಿಯಲ್ಲಿ ಕೂರಿಸಬೇಕು, ಯಾರೋ ಅವಳಿಗಾಗಿ ಕುರ್ಚಿ ಎಳೆಯಬೇಕು. ಅದು ನನ್ನ ಹಳೆಯ ಆಸೆ.

ಲಕೋಟೆಯೊಳಗಿನ ಕಾರ್ಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ‘ಉಡುಪು: ಸ್ಮಾರ್ಟ್ ಕ್ಯಾಶುವಲ್’ ಎಂದಿತ್ತು. ಕ್ಯಾಶುವಲ್ ಎಂದರೆ ನನಗೆ ಗೊತ್ತಿದ್ದದ್ದು ರಜೆ. ಹಳೆಯ ಅಭ್ಯಾಸದಂತೆ ಶಬ್ದಕೋಶ ತೆಗೆದೆ. ಎರಡೂ ಶಬ್ದಗಳಿಗಿದ್ದ ಮೊದಲ ಅರ್ಥಗಳನ್ನು ಜೋಡಿಸಿದಾಗ ಸಿಕ್ಕಿದ್ದು ‘ಚುರುಕಾದ ಆಕಸ್ಮಿಕ’. ಚುರುಕಾದ ಆಕಸ್ಮಿಕವನ್ನು ಹೊಲಿಯುವ ದರ್ಜಿ ಪರ್ಕಳದಲ್ಲೂ ಇಲ್ಲ, ಉಡುಪಿಯಲ್ಲೂ ಇಲ್ಲ. ಕೊನೆಗೆ ರೆಸಾರ್ಟಿಗೇ ಫೋನು ಮಾಡಿದೆ. ಗಂಡಸರಿಗೆ ಕಾಲರ್ ಇರುವ ಅಂಗಿ, ಪೂರ್ಣ ಪ್ಯಾಂಟು, ಮುಚ್ಚಿದ ಬೂಟು ಎಂದರು. ಹೆಂಗಸರಿಗೆ ಸೀರೆ, ಚೂಡಿದಾರ ಯಾವುದಾದರೂ ಆಗುತ್ತದೆ ಎಂದರು.

ನಮ್ಮ ಯಜಮಾನರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಪಂಚೆ ಬಿಟ್ಟು ಬೇರೇನೂ ಉಟ್ಟವರಲ್ಲ. ಬೀರುವಿನಿಂದ ತೆಗೆದ ಹಳೆಯ ಪ್ಯಾಂಟುಗಳಲ್ಲಿ ಒಂದೂ ಅವರ ಹೊಟ್ಟೆಯನ್ನು ಗುರುತು ಹಿಡಿಯಲಿಲ್ಲ. ಹೊಸದು ಹೊಲಿಸುವಾಗ ಅವರು ಒಂದು ವಾರ ಗೊಣಗಿದರು. “ನೋಡು ಮಾರಾಯ್ತಿ, ದೇವಸ್ಥಾನಕ್ಕೆ ಹೋದರೆ ಅಂಗಿ ತೆಗಿ ಅಂತಾರೆ. ಇಲ್ಲಿ ಅಂಗಿಗೆ ಕಾಲರ್ ಬೇರೆ ಬೇಕಂತೆ. ನನ್ನ ಎದೆ ದೇವರಿಗೆ ಆಗ್ತದೆ, ಇವರಿಗೆ ಆಗುದಿಲ್ವಾ?”

ಅವರ ಮಾತಿನಲ್ಲಿ ಹುರುಳಿತ್ತು. ಉಡುಪಿನ ನಿಯಮ ನಮಗೇನೂ ಹೊಸದಲ್ಲ. ನನ್ನ ಅಜ್ಜಿಯ ಕಾಲದ ಮಡಿಯ ಮುಂದೆ ಯಾವ ರೆಸಾರ್ಟೂ ನಿಲ್ಲಲಾರದು. ಒಣಗಿದ ಸೀರೆಯನ್ನು ಕೋಲಿನಿಂದ ಎತ್ತಿಕೊಳ್ಳಬೇಕು, ಮಕ್ಕಳು ಮುಟ್ಟಿದರೆ ಮತ್ತೆ ಮುಳುಗಿಸಬೇಕು. ಈ ಬೆವರಿನ ಊರಿನಲ್ಲಿ ವಕೀಲರು ಕರಿಕೋಟು ಹಾಕಿಕೊಂಡು ವಾದಿಸುತ್ತಾರೆ. ಮೈ ಒಂದೇ, ಯಾವ ಬಾಗಿಲಲ್ಲಿ ಎಷ್ಟು ಮುಚ್ಚಬೇಕು ಎಂಬುದನ್ನು ಬಾಗಿಲೇ ಹೇಳುತ್ತದೆ. ಹೀಗೆಲ್ಲ ತತ್ವ ಹೇಳಿ ಯಜಮಾನರನ್ನು ಪ್ಯಾಂಟಿನೊಳಗೆ ಇಳಿಸಿದೆ. ಚಿಕ್ಕಮ್ಮನ ವಿಷಯ ಮಾತ್ರ ನನ್ನ ತಲೆಗೇ ಬರಲಿಲ್ಲ.

ಆ ಊಟಕ್ಕೆ ಮೂರು ವಾರ ಮೊದಲು ಚಿಕ್ಕಮ್ಮ ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದು ಬಲಭುಜದ ಮೂಳೆ ಮುರಿದುಕೊಂಡಿದ್ದಳು. ಅಂದಿನಿಂದ ನಾನೂ ಯಜಮಾನರೂ ಎಲ್ಲೂರಿನಲ್ಲೇ ಉಳಿದಿದ್ದೆವು. ಕೈಯನ್ನು ಎದೆಗೆ ಸೇರಿಸಿ ಜೋಳಿಗೆಯಂಥ ಪಟ್ಟಿಯಲ್ಲಿ ಕಟ್ಟಿದ್ದರು. ರವಿಕೆಗೆ ತೋಳು ತೂರಿಸುವಂತಿಲ್ಲ, ಸೀರೆಗೆ ಕೈ ಎತ್ತುವಂತಿಲ್ಲ. ಹಾಗಾಗಿ ಮುಂದೆ ಜಿಪ್ ಇರುವ ನೈಟಿಯೇ ಗತಿ. ಅದನ್ನು ಹಾಕಿಸುವಾಗಲೂ ಪ್ರತಿದಿನ ನನ್ನ ಕೈ ಎಲ್ಲೋ ತಾಗಿ, ಅವಳು ಹಲ್ಲು ಕಚ್ಚಿ “ಏನಿಲ್ಲ, ಏನಿಲ್ಲ” ಎನ್ನುವಳು. ಊಟದ ದಿನಕ್ಕೆಂದು ಉಡುಪಿಯಿಂದ ಹೊಸ ನೈಟಿ ತಂದಿದ್ದೆ. ಕಡುಗೆಂಪು ಬಣ್ಣ, ಕುತ್ತಿಗೆಯ ಸುತ್ತ ಕಸೂತಿ. ಇಸ್ತ್ರಿ ಮಾಡಿ ಹಾಕಿಸಿ, ಸರ ತೊಡಿಸಿ, ಮುಡಿಗೆ ಮಲ್ಲಿಗೆ ಇಟ್ಟೆ. ಅವಳು ಕನ್ನಡಿ ನೋಡಿ ನಾಚಿದಳು. ನನ್ನ ಮಟ್ಟಿಗೆ ಅದಕ್ಕಿಂತ ಚುರುಕಾದ ಆಕಸ್ಮಿಕ ಇನ್ನೊಂದಿರಲಿಲ್ಲ.

ಸಂಜೆ ಆರು ಗಂಟೆಗೆ ತಲುಪಿದೆವು. ಬಾಗಿಲಲ್ಲಿ ಕಪ್ಪು ಕೋಟಿನ ಹುಡುಗಿಯೊಬ್ಬಳು ನಗುತ್ತಾ ನಿಂತಿದ್ದಳು. ಅವಳ ನೋಟ ಯಜಮಾನರ ಬೂಟಿನ ಮೇಲೆ ಒಂದು ಗಳಿಗೆ ನಿಂತು ತೃಪ್ತವಾಯಿತು. ಆಮೇಲೆ ಚಿಕ್ಕಮ್ಮನ ಮೇಲೆ ಬಂತು. ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ಕಷ್ಟಕ್ಕೆ ಬಿತ್ತು. ನನ್ನನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ, ರಾತ್ರಿ ಉಡುಪಿನಲ್ಲಿ ಒಳಗೆ ಬಿಡುವ ಹಾಗಿಲ್ಲ ಎಂದಳು.

“ಅವರ ಕೈ ಮುರಿದಿದೆಯಮ್ಮಾ,” ಎಂದೆ.

“ಕಾಣ್ತದೆ ಮೇಡಂ,” ಎಂದು ಅವಳು ಕನ್ನಡಕ್ಕೆ ಇಳಿದಳು. “ನಮ್ಮದು ಕಾರ್ಕಳ. ನಮ್ಮ ಅಮ್ಮನೂ ಇಡೀ ದಿನ ಇದೇ ಹಾಕುದು. ಆದ್ರೆ ರೂಲ್ಸ್ ಉಂಟಲ್ವಾ? ಮ್ಯಾನೇಜರ್ ಒಳಗೇ ಇದ್ದಾರೆ. ನಾನು ಬೇಕಾದ್ರೆ ಹೊರಗೆ ತೋಟದಲ್ಲಿ ಮೇಜು ಹಾಕಿಸ್ತೇನೆ.”

ಚಿಕ್ಕಮ್ಮ ದೂರದಿಂದಲೇ ಕೇಳಿದಳು: “ಎಂತ ಹೇಳುದು ಸುಮಾ ಅವಳು?”

“ಮೇಜು ಖಾಲಿಯಾಗಿಲ್ಲವಂತೆ,” ಎಂದು ಸುಳ್ಳು ಹೇಳಿದೆ. ಗಾಜಿನಾಚೆ ಹದಿನೈದು ಮೇಜುಗಳು ಖಾಲಿಯಿದ್ದವು. ಇನ್ನೊಂದರಲ್ಲಿ ಎರಡೂ ಮೊಣಕಾಲು ಹರಿದ ಪ್ಯಾಂಟಿನ ತರುಣನೊಬ್ಬ ಆರಾಮವಾಗಿ ಕೂತಿದ್ದ.

ಚಿಕ್ಕಮ್ಮ ತನ್ನ ನೈಟಿಯನ್ನು ಒಮ್ಮೆ ನೋಡಿಕೊಂಡಳು. “ನನ್ನ ಅಂಗಿ ಆಗುದಿಲ್ಲ ಅಂತವಾ? ಹಾಗಾದ್ರೆ ನೀವಿಬ್ಬರು ಹೋಗಿ ಊಟ ಮಾಡಿ ಬನ್ನಿ. ನಾನು ಕಾರಲ್ಲಿ ಕೂತ್ಕೊಳ್ತೇನೆ. ನಂಗೇನು ಬೇಜಾರಿಲ್ಲ.”

ಬೇಜಾರಿಲ್ಲ ಎಂದದ್ದು ನಿಜವೇ. ಬದಿಗೆ ಸರಿದು ನಿಲ್ಲುವುದು ಅವಳಿಗೆ ಅಷ್ಟು ರೂಢಿಯಾಗಿತ್ತು. ಯಜಮಾನರು ಹೊಸ ಬೂಟನ್ನು ಕಿರ್ರೆನ್ನಿಸುತ್ತಾ “ಹೋಗುವ, ಮನೆಗೇ ಹೋಗುವ” ಎಂದು ಕಾರಿನತ್ತ ತಿರುಗಿದರು.

ಅಷ್ಟರಲ್ಲಿ ಊಟದ ಮೇಜಿಗೆ ಹಾಸುವ ಬಿಳಿ ಬಟ್ಟೆಗಳ ಕಟ್ಟನ್ನು ಎದೆಗೆ ಒತ್ತಿಕೊಂಡು ಬಂದ ಹೆಂಗಸೊಬ್ಬಳು ನಮ್ಮನ್ನು ನೋಡಿ ನಿಂತಳು. ವಯಸ್ಸು ನಲವತ್ತೈದರ ಸುಮಾರು. ಬೂದು ಬಣ್ಣದ ಸಮವಸ್ತ್ರ. ಬಾಗಿಲ ಹುಡುಗಿಯನ್ನು ಏನೋ ಕೇಳಿ ತಿಳಿದುಕೊಂಡು ನೇರ ಚಿಕ್ಕಮ್ಮನ ಬಳಿ ಬಂದಳು.

“ಅಮ್ಮಾರ, ಒಂದ್ ಹತ್ತ್ ನಿಮಿಷ ನನ್ನ ಕೂಡ ಬರ್ರಿ. ನನ್ನ ಸೀರಿ ಐತಿ. ಉಡಸ್ತೀನಿ.”

ಅವಳ ಹೆಸರು ಶಾಂತವ್ವ. ಬಾದಾಮಿಯ ಕಡೆಯವಳು. ಗಂಡ ಕಟ್ಟಡದ ಕೆಲಸಕ್ಕೆಂದು ಬಂದಾಗ ಜೊತೆಯಲ್ಲಿ ಬಂದು, ಈ ರೆಸಾರ್ಟಿನಲ್ಲಿ ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ ಸೇರಿದ್ದಳು. ಬೆಳಿಗ್ಗೆ ಮನೆಯಿಂದ ಉಟ್ಟು ಬಂದ ಇಳಕಲ್ ಸೀರೆಯನ್ನು ಮಡಚಿಟ್ಟು ಸಮವಸ್ತ್ರ ಹಾಕಿಕೊಳ್ಳುತ್ತಿದ್ದಳು.

ಇಸ್ತ್ರಿ ಕೋಣೆಯಲ್ಲಿ ಗಂಜಿಯ ವಾಸನೆ, ಬಿಸಿ ಹಬೆ. ನಾನು ಬಾಗಿಲಲ್ಲೇ ಎಚ್ಚರಿಸಿದೆ: “ಭುಜ ಸ್ವಲ್ಪವೂ ಅಲುಗಬಾರದು. ನೈಟಿ ತೆಗೆಯಲಿಕ್ಕೂ ಆಗುವುದಿಲ್ಲ.”

“ತೆಗಿಯೂದ ಯಾಕ್ರಿ?” ಎಂದಳು ಶಾಂತವ್ವ. “ಇದ ಕುಬ್ಸ, ಇದ ಲಂಗ. ಅಮ್ಮಾರ, ನೀವು ಸುಮ್ನ ನಿಂದರ್ರಿ. ತಿರಗೂದ ಬ್ಯಾಡ, ಕೈ ಎತ್ತೂದ ಬ್ಯಾಡ. ಎಲ್ಲಾ ನಾ ತಿರಗ್ತೀನಿ.”

ಆಮೇಲೆ ನಡೆದದ್ದನ್ನು ನಾನು ಹೇಗೆ ಹೇಳಲಿ? ನೈಟಿಯ ಮೇಲೆ ಸೊಂಟಕ್ಕೊಂದು ಲಾಡಿ ಬಿಗಿದಳು. ಸೀರೆಯ ಅಂಚನ್ನು ಅದಕ್ಕೆ ಸಿಕ್ಕಿಸಿ, ಚಿಕ್ಕಮ್ಮನ ಸುತ್ತ ಪ್ರದಕ್ಷಿಣೆ ಬಂದಂತೆ ತಾನೇ ಸುತ್ತಿದಳು. ನೆರಿಗೆಗಳನ್ನು ಚಿಕ್ಕಮ್ಮನ ಮೈಗೆ ತಾಗದಂತೆ ತನ್ನ ಹೊಟ್ಟೆಯ ಮುಂದೆ ಹಿಡಿದು ಜೋಡಿಸಿ, ಒಟ್ಟಾಗಿ ತಂದು ಒಂದೇ ಸಲಕ್ಕೆ ಸಿಕ್ಕಿಸಿದಳು. ಸೆರಗನ್ನು ಹಿಂದಿನಿಂದ ಬಳಸಿ ತಂದು ಮುರಿದ ಭುಜದ ಮೇಲೆ ಇಳಿಬಿಟ್ಟಾಗ, ಆಸ್ಪತ್ರೆಯ ಆ ಪಟ್ಟಿ ಕೆಂಪು ರೇಷ್ಮೆಯ ಕೆಳಗೆ ಮಾಯವಾಯಿತು. ನೈಟಿಯ ಕಸೂತಿಯ ಕುತ್ತಿಗೆ ಒಳ್ಳೆಯ ದರ್ಜಿ ಹೊಲಿದ ರವಿಕೆಯಂತೆ ಕಾಣಿಸಿತು. ನಾನು ಉಸಿರು ಬಿಗಿಹಿಡಿದು ಚಿಕ್ಕಮ್ಮನ ಮುಖವನ್ನೇ ನೋಡುತ್ತಿದ್ದೆ. ಅವಳು ಒಂದು ಸಲವೂ ಹಲ್ಲು ಕಚ್ಚಲಿಲ್ಲ. ಮೂರು ವಾರದಲ್ಲಿ ನನ್ನ ಪ್ರೀತಿಗೆ ಬಾರದ ವಿದ್ಯೆ ಆ ಅಪರಿಚಿತಳ ಬೆರಳುಗಳಲ್ಲಿತ್ತು.

“ಎಲ್ಲಿ ಕಲಿತದ್ದು ನೀನು?” ಎಂದಳು ಚಿಕ್ಕಮ್ಮ.

“ನಮ್ಮವ್ವ ಆರು ವರ್ಷ ಹಾಸಿಗಿ ಹಿಡದಿದ್ದಳ್ರಿ,” ಶಾಂತವ್ವ ಪಿನ್ನು ಹುಡುಕುತ್ತಾ ಹೇಳಿದಳು. “ನೈಟಿ ಹಾಕು ಅಂದ್ರ ಒಲ್ಲೆ ಅಂತಿದ್ದಳು. ದಿನಾ ಸೀರಿನ ಆಗಬೇಕು ಆಕಿಗೆ. ಉಡಿಸಿ ಉಡಿಸಿ ಕೈಗೆ ಬಂತ್ರಿ.”

ಚಿಕ್ಕಮ್ಮ ಎಡಗೈಯಿಂದ ಅವಳ ಕೆನ್ನೆ ಮುಟ್ಟಿದಳು.

ನಾವು ಬಾಗಿಲಿಗೆ ಮರಳಿದಾಗ ಕಾರ್ಕಳದ ಹುಡುಗಿ ಗಾಜನ್ನು ಪೂರ್ತಿ ತೆರೆದು, ಮುಂದೆ ಮುಂದೆ ನಡೆದು, ಕಡಲಿಗೆ ತೀರ ಹತ್ತಿರದ ಮೇಜಿನಲ್ಲಿ ಚಿಕ್ಕಮ್ಮನಿಗಾಗಿ ಕುರ್ಚಿ ಎಳೆದಳು. ಚಿಕ್ಕಮ್ಮ ಕೂರುವ ಮೊದಲು ಆ ಕುರ್ಚಿಯನ್ನೂ ಹುಡುಗಿಯನ್ನೂ ನೋಡಿ “ನೀನು ಕೂತ್ಕೊಳ್ಳುದಿಲ್ವಾ?” ಎಂದಳು.

ಊಟದ ಬಗ್ಗೆ ನನಗೆ ಒಂದು ಹೆದರಿಕೆಯಿತ್ತು. ಬಲಗೈ ಕಟ್ಟಿದ ಮೇಲೆ ಎಡಗೈಯಲ್ಲಿ ಉಣ್ಣಲು ಚಿಕ್ಕಮ್ಮ ನಾಚುತ್ತಿದ್ದಳು. ಮನೆಯಲ್ಲೂ ಗೋಡೆಗೆ ಮುಖ ಮಾಡಿ ಕೂರುವಳು. ಇಲ್ಲಿ ಸುತ್ತ ಕಣ್ಣಾಡಿಸಿ ಮೆಲ್ಲಗೆ ಕೇಳಿದಳು: “ಇವರೆಲ್ಲ ಎಡಗೈಯಲ್ಲೇ ತಿನ್ನುದಾ?” ನಿಜ, ಎಲ್ಲರ ಎಡಗೈಯಲ್ಲೂ ಫೋರ್ಕು ಇತ್ತು. ಅದೇ ಅಲ್ಲಿನ ಕ್ರಮ. ಅವಳು ನೆಟ್ಟಗೆ ಕೂತು ಮುಳ್ಳುಚಮಚ ಎತ್ತಿಕೊಂಡಳು. ನಾನೂ ಯಜಮಾನರೂ ಚೂರಿಯೊಡನೆ ಸೆಣಸುತ್ತಿರುವಾಗ ಅವಳೊಬ್ಬಳೇ ನೆಮ್ಮದಿಯಾಗಿ ತಿನ್ನುತ್ತಿದ್ದಳು. ಒಂದು ತಕರಾರು ಮಾತ್ರ ಬಂತು. “ಬಟ್ಟಲು ಇಷ್ಟು ದೊಡ್ಡದು, ಮೀನು ಬೆರಳಷ್ಟು. ಬಾಕಿ ಜಾಗ ಎಂತಕ್ಕೆ ಬಿಟ್ಟದ್ದು?”

“ನೋಡ್ಲಿಕ್ಕೆ,” ಎಂದರು ಯಜಮಾನರು.

ಅಷ್ಟರಲ್ಲಿ ಸೂರ್ಯ ನೀರಿಗೆ ಇಳಿದ. ಇಡೀ ಗಾಜಿನ ಗೋಡೆ ಕೇಸರಿಯಾಯಿತು, ದಡದ ದೀಪಸ್ತಂಭ ಕಪ್ಪಾಗಿ ನಿಂತಿತು, ಮೇಜಿನ ಬಿಳಿ ಬಟ್ಟೆಗೂ ಬಣ್ಣ ಹತ್ತಿತು. ಚಿಕ್ಕಮ್ಮ ತಿನ್ನುವುದನ್ನು ನಿಲ್ಲಿಸಿದಳು. ಎಪ್ಪತ್ತಾರು ವರ್ಷ ಕಡಲಿನ ಗಾಳಿಯಲ್ಲೇ ಬದುಕಿದವಳು, ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು. ಸೂರ್ಯ ಪೂರ್ತಿ ಮುಳುಗಿದ ಮೇಲೆ ಕೇಳಿದಳು:

“ಸುಮಾ, ಈ ಹೊತ್ತಿಗೆ ನಾನು ಯಾವತ್ತಾದರೂ ಸುಮ್ಮನೆ ಕೂತದ್ದುಂಟಾ?”

ನಾನು ನೆನಪು ಮಾಡಿಕೊಂಡೆ. ಈ ಹೊತ್ತು ಬೀಡಿಯ ಕಟ್ಟು ಎಣಿಸಿ ಮುಗಿಸುವ ಹೊತ್ತು, ದನ ಕಟ್ಟುವ ಹೊತ್ತು, ದೀಪ ಹಚ್ಚುವ ಹೊತ್ತು, ನನಗೆ ಪಾಠ ಓದು ಎಂದು ಗದರುವ ಹೊತ್ತು. ಇಲ್ಲ, ಕೂತದ್ದಿಲ್ಲ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಶಾಂತವ್ವ ನಿಂತು ನಮ್ಮ ಮೇಜನ್ನೇ ನೋಡುತ್ತಿದ್ದಳು. ಊಟದ ಹೊತ್ತಿನಲ್ಲಿ ಅವಳು ಒಳಗೆ ಬರುವಂತಿಲ್ಲವಂತೆ. ಸೆರಗು ಜಾರುತ್ತಿದೆ ಎಂದು ದೂರದಿಂದಲೇ ತನ್ನ ಭುಜ ಮುಟ್ಟಿ ತೋರಿಸಿದಳು. ನಾನು ಎದ್ದು ಸರಿಪಡಿಸಿದೆ. ಅವಳು ತಲೆದೂಗಿ ಒಳಗೆ ಹೋದಳು.

ಸೀರೆಯನ್ನು ಅಲ್ಲೇ ಬಿಚ್ಚಿಕೊಡಲು ಚಿಕ್ಕಮ್ಮ ಒಪ್ಪಲಿಲ್ಲ. “ಉಟ್ಟದ್ದನ್ನು ಹಾಗೇ ಕೊಡ್ಲಿಕ್ಕುಂಟಾ? ಒಗೆದು ಕೊಡ್ತೇನೆ.” ಶಾಂತವ್ವ ಅಂದು ಸಮವಸ್ತ್ರದಲ್ಲೇ ಮನೆಗೆ ಹೋದಳು. ಮುಂದಿನ ವಾರ ನಾನು ಕೊಂಡುಹೋಗುತ್ತೇನೆ ಎಂದರೂ ಕೇಳದೆ, ತಾನೇ ಜೊತೆಗೆ ಬಂದು ಕೆಲಸದವರ ಗೇಟಿನ ಬಳಿ ಕಾದು ಕೂತು ಶಾಂತವ್ವನ ಕೈಗೇ ಕೊಟ್ಟಳು. “ಊಟ ಹ್ಯಾಂಗಿತ್ರಿ ಅಮ್ಮಾರ?” ಎಂದು ಶಾಂತವ್ವ ಆಸೆಯಿಂದ ಕೇಳಿದಳು. ಆ ಮೇಜುಬಟ್ಟೆಗಳನ್ನು ವರ್ಷಗಟ್ಟಲೆ ತೀಡಿದವಳಿಗೆ ಅವುಗಳ ಮೇಲಿನ ಊಟದ ರುಚಿ ಗೊತ್ತಿರಲಿಲ್ಲ. “ಉಪ್ಪು ಸ್ವಲ್ಪ ಕಡಿಮೆ,” ಎಂದಳು ಚಿಕ್ಕಮ್ಮ. “ನನ್ನ ಕೈ ಸರಿಯಾಗ್ಲಿ. ಎಲ್ಲೂರಿಗೆ ಬಾ. ನಾನು ಮಾಡಿ ಹಾಕ್ತೇನೆ.”

ಎರಡು ತಿಂಗಳಲ್ಲಿ ಮೂಳೆ ಕೂಡಿತು. ಶಾಂತವ್ವನಿಗೆ ರಜೆ ಸಿಕ್ಕ ದಿನದ ಹಿಂದಿನ ಸಂಜೆ ಅವಳಿಂದ ಫೋನು ಬಂತು. ಚಿಕ್ಕಮ್ಮ ಕಿವಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಫೋನನ್ನು ನನ್ನ ಕಡೆ ಚಾಚಿದಳು. “ಎಂತ ಕೇಳ್ತಾಳೆ ನೋಡು ಮಾರಾಯ್ತಿ. ನಂಗೆ ಅರ್ಥ ಆಗುದಿಲ್ಲ.”

ಶಾಂತವ್ವ ನನ್ನಲ್ಲಿ ಮತ್ತೆ ಕೇಳಿದಳು, ಸಂಕೋಚದಿಂದ: “ನಿಮ್ಮನಿಗೆ ಊಟಕ್ಕ ಬರಾಕ ಎಂಥಾ ಸೀರಿ ಉಟ್ಕೊಂಡ್ ಬರ್ಬೇಕ್ರಿ? ನನಗ ಗೊತ್ತಾಗಲಿಲ್ಲ, ಅದಕ್ಕ ಕೇಳಿದೆ.”

ನಾನು ಪ್ರಶ್ನೆಯನ್ನು ಚಿಕ್ಕಮ್ಮನಿಗೆ ದಾಟಿಸಿದೆ. ಅವಳು ನನ್ನ ಮುಖ ನೋಡಿದಳು, ಪ್ರಶ್ನೆ ಇನ್ನೂ ಅರ್ಥವಾಗದವಳಂತೆ. ಆಮೇಲೆ ಫೋನು ಕಿತ್ತುಕೊಂಡು ಗಟ್ಟಿಯಾಗಿ ಹೇಳಿದಳು: “ನೀರುದೋಸೆ ಬಿಸಿ ಬಿಸಿ ತಿನ್ನಬೇಕು ಮಗಾ. ಬೆಳಿಗ್ಗೆ ಎಂಟು ಗಂಟೆಗೆ ಮೊದಲೇ ಬಾ, ಆಯ್ತಾ?”

ಶಾಂತವ್ವ ಏಳೂಕಾಲಿಗೇ ಬಂದಳು. ಒಲೆಯ ಪಕ್ಕ ಮಣೆ ಹಾಕಿ ಕೂರಿಸಿ, ಚಿಕ್ಕಮ್ಮ ಒಂದೊಂದೇ ದೋಸೆ ಎಬ್ಬಿಸಿ ಅವಳ ಬಟ್ಟಲಿಗೆ ಹಾಕಿದಳು. ಒಂಬತ್ತು ದೋಸೆ ತಿಂದದ್ದು ನನಗೆ ನೆನಪಿದೆ, ಕೋಳಿಸಾರು ಎರಡು ಸಲ ಹಾಕಿಸಿಕೊಂಡದ್ದು ನೆನಪಿದೆ, ಖಾರಕ್ಕೆ ಮೂಗು ಒರೆಸಿಕೊಂಡು ನಕ್ಕದ್ದು ನೆನಪಿದೆ. ಅವಳು ಅಂದು ಏನು ಉಟ್ಟಿದ್ದಳು ಎಂಬುದು ಮಾತ್ರ, ಎಷ್ಟು ಯೋಚಿಸಿದರೂ, ನೆನಪಾಗುತ್ತಿಲ್ಲ.