ಕಣ್ಣು ಬರೆಯದ ಚಿತ್ರ

ಕೊಟ್ಟೂರು ಬಸ್ ನಿಲ್ದಾಣದ ಎದುರು, ಬೇವಿನ ಮರದಡಿ ಹೊಲಿಗೆ ಮಷಿನ್ ಮುಂದೆ ಕೂತು ಬಟ್ಟೆ ಹೊಲಿಯುತ್ತಿದ್ದ ಹೆಂಗಸನ್ನು ಒಂದು ಭಾನುವಾರ ಪೆನ್ಸಿಲಿನಲ್ಲಿ ಬರೆದೆ. ಚಿತ್ರ ನೋಡಿ ಅವಳು ಬೇಡವೆಂಬಂತೆ ತಲೆಯಾಡಿಸಿದಳು.

"ನನ್ನನ್ಯಾಕ ಕೂಡಿಸಿದಿ ತಂಗಿ? ಇದು ನಮ್ಮ ಮನಿಯವರ ಮಷಿನ್. ಅವರು ತೀರಿಕೊಂಡ ಮ್ಯಾಲೆ ನಾ ಹಿಡದೀನಿ. ನಾಳಿ ಮಾರತೀನಿ. ಒಮ್ಮಿ ಅವರನ್ನ ಕೂಡಿಸು."

ನಾನು ಅವರನ್ನು ನೋಡಿರಲಿಲ್ಲ. ಬಗ್ಗಿದ ಬೆನ್ನು, ಕೊರಳಲ್ಲಿ ಟೇಪು, ತುಟಿಯಲ್ಲಿ ಕಚ್ಚಿದ ಗುಂಡುಸೂಜಿ, ಎಲ್ಲವನ್ನೂ ಅವಳು ಹೇಳಿದ ಹಾಗೆ ಬರೆದೆ. ಕಣ್ಣು ಹೇಗಿದ್ದವು ಎಂದು ಕೇಳಿದಾಗ ನನ್ನ ಕೈ ಹಿಡಿದಳು.

"ಕಣ್ಣು ಬ್ಯಾಡವ್ವ. ಅವರು ನೋಡಿದ್ರ ನನಗ ಮಾರಾಕ ಆಗಂಗಿಲ್ಲ."

ಮುಂದಿನ ಭಾನುವಾರ ಮರದಡಿ ಏನೂ ಇರಲಿಲ್ಲ. ಆ ಖಾಲಿ ನೆರಳನ್ನೇ ಬರೆಯಲು ಕೂತೆ. ಪೆನ್ಸಿಲ್ ಬಗ್ಗಿದ ಬೆನ್ನಿನಿಂದಲೇ ಶುರುಮಾಡಿತು.